ಒಂದೇ ಲೆಕ್ಕ, ಹಲವು ದಾರಿ: ಗಣಿತ ಪಾಠವನ್ನು ಮಕ್ಕಳಿಗೆ ಹೊಂದಿಸುವ ಪ್ರಯತ್ನಗಳು

ಐದನೇ ತರಗತಿಯ ಮಗುವೊಂದು 52ರಲ್ಲಿ 27 ಕಳೆದು 35 ಎಂದು ಬರೆದರೆ ಅದು ತಪ್ಪೆಂದು ಗುರುತಿಸುವುದು ಸುಲಭ. ಆದರೆ ಆ ತಪ್ಪಿಗೂ ಒಂದು ನಿಯಮವಿದೆ: ಬಿಡಿ ಸ್ಥಾನದ 2ರಲ್ಲಿ 7 ಹೋಗದು, ಹಾಗಾಗಿ 7ರಲ್ಲೇ 2 ಕಳೆದಿದೆ. ಪಕ್ಕದಲ್ಲಿ ಕುಳಿತ ಇನ್ನೊಂದು ಮಗು ‘27ಕ್ಕೆ 3 ಸೇರಿದರೆ 30, ಅಲ್ಲಿಂದ 52ಕ್ಕೆ 22, ಒಟ್ಟು 25’ ಎಂದು ಬಾಯಲ್ಲೇ ಸರಿಯಾಗಿ ಹೇಳಿ, ಹಾಳೆಯ ಮೇಲೆ ಬರೆಯುವಾಗ ತಡವರಿಸಬಹುದು. ಇಬ್ಬರಿಗೂ ಅದೇ ಬಗೆಯ ಇನ್ನಷ್ಟು ಲೆಕ್ಕ ಕೊಡುವುದು ಹಳೆಯ ರೂಢಿ. ಮೊದಲನೆಯ ಮಗುವಿಗೆ ಬೇಕಾದದ್ದು ದಶಕವನ್ನು ಬಿಡಿಸಿ ನೋಡುವ ಅನುಭವ, ಎರಡನೆಯದಕ್ಕೆ ಬೇಕಾದದ್ದು ತಾನು ಬಲ್ಲದ್ದನ್ನು ಬರೆಯುವ ಬಗೆ. ಪಾಠ ಹೊಂದಿಸುವುದೆಂದರೆ ಪಾಠವನ್ನು ಸರಳಗೊಳಿಸುವುದಲ್ಲ. ಮಗು ಆಗಲೇ ಬಲ್ಲ ಲೆಕ್ಕಕ್ಕೂ ಪುಸ್ತಕದ ಸಂಕೇತಕ್ಕೂ ನಂಟು ಬೆಸೆಯುವುದು. ಈ ಕ್ಷೇತ್ರದ ಅರ್ಧ ಶತಮಾನಕ್ಕೂ ಮಿಕ್ಕ ಅನುಭವವನ್ನು ನಾನು ಓದುವುದು ಹೀಗೆ.

ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರಲ್ಲಿ ಕಲಿಕೆಗೆ ಮೂರು ನೆಲೆಗಳನ್ನು ಗುರುತಿಸಿದರು: ಕೈಯಿಂದ ಮಾಡಿ ತಿಳಿಯುವುದು, ಚಿತ್ರವಾಗಿ ಕಾಣುವುದು, ಸಂಕೇತದಲ್ಲಿ ಬರೆಯುವುದು. ಮಣಿ, ಕಡ್ಡಿ, ಭಿನ್ನರಾಶಿ ಪಟ್ಟಿಗಳ ಬಳಕೆಗೆ ಇದು ತಾತ್ವಿಕ ಬೆಂಬಲ ಕೊಟ್ಟಿತು. ಆದರೆ ಒಂದು ನೆಲೆಯಿಂದ ಇನ್ನೊಂದಕ್ಕೆ ಮಗು ತಾನಾಗಿ ದಾಟುತ್ತದೆ ಎಂಬ ನಂಬಿಕೆ ನಿಲ್ಲಲಿಲ್ಲ. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತ 1985ರ ಅಧ್ಯಯನ ಇಂದಿಗೂ ಕಣ್ಣು ತೆರೆಸುತ್ತದೆ. ವ್ಯಾಪಾರದ ನಡುವೆ ಅವರ ಉತ್ತರಗಳಲ್ಲಿ ನೂರಕ್ಕೆ 98 ಸರಿ. ಅಂಥವೇ ಲೆಕ್ಕಗಳು ಬರೀ ಅಂಕಿಗಳಾಗಿ ಎದುರಾದಾಗ ನೂರಕ್ಕೆ 37 ಮಾತ್ರ. ಐವರೇ ತಾನೆ ಎನ್ನುವವರಿಗೆ ಉತ್ತರ 2025ರಲ್ಲಿ ಪ್ರಕಟವಾದ ಭಾರತದ ಅಧ್ಯಯನದಲ್ಲಿದೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳ 1436 ದುಡಿಯುವ ಮಕ್ಕಳಲ್ಲೂ ಇದೇ ಕಂದಕ ಕಂಡಿತು. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಈ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಬಿಡಿಸಿದ ಒಂದು ಮಾರುಕಟ್ಟೆ ಲೆಕ್ಕವನ್ನು, ವ್ಯಾಪಾರ ಮಾಡದ ಶಾಲಾ ಮಕ್ಕಳಲ್ಲಿ ಶೇ. 1ರಷ್ಟು ಮಂದಿ ಮಾತ್ರ ಬಿಡಿಸಿದರು. ನಂಟು ಕಡಿದಿರುವುದು ಎರಡೂ ಕಡೆ. ಹೀಗಿರುವಾಗ ಹಿಂದುಳಿದ ಮಕ್ಕಳು ಎಂದು ಯಾರನ್ನು ಕರೆಯುವುದು?

ಈ ನಂಟನ್ನು ಬೆಸೆಯಲು ಶಿಕ್ಷಕರಿಗೆ ಮೊದಲು ಮಗುವಿನ ಯೋಚನೆ ತಿಳಿದಿರಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನ್ನೆಮಾ ಮತ್ತು ಸಂಗಡಿಗರು ಶಿಕ್ಷಕರಿಗೆ ಸಿದ್ಧ ಪಾಠ ಕೊಡಲಿಲ್ಲ. ಮಕ್ಕಳು ಲೆಕ್ಕವನ್ನು ಹೇಗೆಲ್ಲ ಬಿಡಿಸುತ್ತಾರೆ ಎಂಬ ಅರಿವನ್ನು ಕೊಟ್ಟರು. ನಮ್ಮಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಋಷಿ ವ್ಯಾಲಿ ಶಾಲೆಯಿಂದ ಪ್ರೇರಣೆ ಪಡೆದು ಆರಂಭಿಸಿದ ನಲಿ-ಕಲಿ ವಿಧಾನ ಇದೇ ಪ್ರಶ್ನೆಗೆ ಬೇರೊಂದು ಉತ್ತರ. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೈಲಿಗಲ್ಲಿನಿಂದ ಮುಂದೆ ಸಾಗುತ್ತದೆ; ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಶಿಕ್ಷಕರ ಬೆಂಬಲದ ತಟ್ಟೆಯಿಂದ ಸಹಪಾಠಿಗಳ ತಟ್ಟೆಗೆ, ಅಲ್ಲಿಂದ ಸ್ವಕಲಿಕೆಗೆ ಸರಿಯುತ್ತದೆ. ಪ್ರಥಮ್ ಸಂಸ್ಥೆ ಮುಂಬೈ, ವಡೋದರಾಗಳಲ್ಲಿ ನಡೆಸಿದ ಬಾಲಸಖಿ ಕಾರ್ಯಕ್ರಮ ಸ್ಥಳೀಯ ಯುವತಿಯರಿಂದ ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ ಹೇಳಿಸಿತು. ಕಲಿಕೆ ಗಮನಾರ್ಹವಾಗಿ ಸುಧಾರಿಸಿದ್ದನ್ನು ಹೋಲಿಕೆ ಪರೀಕ್ಷೆಗಳು ತೋರಿಸಿದವು. ಈಗ ಹಲವೆಡೆ ಹಬ್ಬಿರುವ, ತರಗತಿಗಲ್ಲ ಮಟ್ಟಕ್ಕೆ ತಕ್ಕ ಪಾಠ ಎಂಬ ವಿಧಾನದ ಬೇರು ಅಲ್ಲಿದೆ.

ಹೀಗೆ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿದರೆ ಮಕ್ಕಳಿಗೆ ಹಣೆಪಟ್ಟಿ ಹಚ್ಚಿದಂತಾಗದೆ ಎಂಬ ಆಕ್ಷೇಪ ನಿಜಕ್ಕೂ ಗಂಭೀರವಾದದ್ದು. ವರ್ಷವಿಡೀ ಕದಲದ ಗುಂಪು ಖಂಡಿತ ಹಣೆಪಟ್ಟಿಯೇ. ಗುಂಪು ಕೌಶಲಕ್ಕೆ ಸೇರಿದ್ದಾಗಿರಬೇಕು, ಮಗುವಿಗಲ್ಲ: ವ್ಯವಕಲನದಲ್ಲಿ ನೆರವು ಬೇಕಾದ ಮಗು ಆಕೃತಿಗಳ ಪಾಠದಲ್ಲಿ ಮುಂದಿರಬಹುದು. ಇದಕ್ಕೆಲ್ಲ ಸಮಯವೆಲ್ಲಿ, ಮಗ್ಗಿ ಬಾಯಿಪಾಠವಾದರೆ ಸಾಲದೇ ಎಂಬುದು ಇನ್ನೊಂದು ಮಾತು. ಮಗ್ಗಿ ಬೇಕು, ಅನುಮಾನವಿಲ್ಲ. ಆದರೆ 1989ರ ವಿಸ್ಕಾನ್ಸಿನ್ ಅಧ್ಯಯನದಲ್ಲಿ, ಮಕ್ಕಳ ಯೋಚನೆ ಆಲಿಸಲು ಕಲಿತ ಶಿಕ್ಷಕರು ಕೂಡು-ಕಳೆ ಬಾಯಿಪಾಠಕ್ಕೆ ಕಡಿಮೆ ಹೊತ್ತು ಕೊಟ್ಟರೂ ಅವರ ಮಕ್ಕಳು ಅದರಲ್ಲೂ ಮುಂದಿದ್ದರು. ಅರ್ಥಕ್ಕೆ ಕೊಟ್ಟ ಹೊತ್ತು ಅಭ್ಯಾಸಕ್ಕೆ ಬಂದ ನಷ್ಟವಲ್ಲ. ಪಾಠ ಹೊಂದಿಸಿದರೆ ಗಣಿತದ ಮಟ್ಟ ಇಳಿಯುತ್ತದೆ ಎಂಬ ಭಯಕ್ಕೆ ಅಂಧ ಮಕ್ಕಳ ಗಣಿತವೇ ಸಮಾಧಾನ. ಸ್ವತಃ ಅಂಧರಾಗಿದ್ದ ಗಣಿತಜ್ಞ ಅಬ್ರಹಾಂ ನೆಮೆತ್ ರೂಪಿಸಿ, 1952ರಲ್ಲಿ ಪ್ರಕಟವಾದ ಬ್ರೈಲ್ ಸಂಕೇತಗಳು ಉನ್ನತ ಗಣಿತವನ್ನೂ ಬೆರಳಿನ ತುದಿಗೆ ತಂದವು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಲೆಕ್ಕದ ಕಲಿಕೆಯ ತೊಡಕಾದ ಡಿಸ್ಕ್ಯಾಲ್ಕುಲಿಯಾವನ್ನು ಹೆಸರಿಸಿದ್ದು ದೊಡ್ಡ ಹೆಜ್ಜೆ. ಆದರೆ ಅದು ಪರೀಕ್ಷೆಯ ವಿನಾಯಿತಿಗಷ್ಟೇ ಸೀಮಿತವಾದರೆ ಮಗುವಿಗೆ ಗಣಿತ ದಕ್ಕುವುದಿಲ್ಲ.

ನಮ್ಮಲ್ಲಿ ಈವರೆಗಿನ ಶ್ರಮ ಬಹುಪಾಲು ಕೆಳಗಿನ ತರಗತಿಗಳಲ್ಲೇ ನಿಂತಿದೆ. ನಲಿ-ಕಲಿಯ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ಮೂಲ ಓದು-ಲೆಕ್ಕಕ್ಕೆಂದು 2021ರಲ್ಲಿ ಶುರುವಾದ ನಿಪುಣ್ ಭಾರತ್ ಅಭಿಯಾನದ ಗುರಿಯೂ ಅಲ್ಲಿಗೇ. ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನದ ಸಾಮಗ್ರಿ ನಾಲ್ಕು, ಐದನೇ ತರಗತಿಗಳನ್ನು ಮುಟ್ಟಿತು. ಆರನೆಯದಕ್ಕೆ ಬಂದ ಮಗುವಿಗೆ ಹೆಚ್ಚಾಗಿ ಕರಿಹಲಗೆ ಮತ್ತು ಪುಸ್ತಕ ಮಾತ್ರ. ಕಾಲು ಕೆಜಿ ಬೇಳೆ ಅರ್ಧ ಕೆಜಿಗಿಂತ ಕಡಿಮೆ ಎಂದು ಅಂಗಡಿಯಲ್ಲಿ ತಪ್ಪದೆ ಹೇಳುವ ಮಗುವೇ, 4 ದೊಡ್ಡದೆಂಬ ಕಾರಣಕ್ಕೆ 1/4 ಭಾಗ 1/2ಕ್ಕಿಂತ ಹೆಚ್ಚು ಎಂದು ಬರೆಯಬಹುದು. ಮಾಧ್ಯಮಿಕ ಹಂತಕ್ಕೂ ಕಲಿಕಾ ಏಣಿ ಬೇಕು. ಅದನ್ನು ಭಿನ್ನರಾಶಿಯಿಂದಲೇ ಶುರು ಮಾಡುವುದು ಸರಿ. ಅನುಪಾತ, ಶೇಕಡಾ, ಬೀಜಗಣಿತ ಎಲ್ಲವೂ ನಿಂತಿರುವುದು ಅದರ ಮೇಲೆ.