ಜಲಚಿಕಿತ್ಸೆಯ ಇತಿಹಾಸ

ಜಲಚಿಕಿತ್ಸೆ: ರೋಗ ಶಮನಕ್ಕೆ, ಅಂಗಗಳ ಚೇತರಿಕೆಗೆ, ಮನಸ್ಸಿನ ಉದ್ವೇಗ ಇಳಿಸುವುದಕ್ಕೆ ನೀರನ್ನು ದೇಹದ ಮೇಲೆ ಪ್ರಯೋಗಿಸುವ ಪದ್ಧತಿಗಳ ಒಟ್ಟು ಹೆಸರು. ಕಟಿಸ್ನಾನ, ಧಾರೆ, ಒದ್ದೆಬಟ್ಟೆ ಸುತ್ತು, ಹಬೆ, ತೊಟ್ಟಿಯಲ್ಲಿ ಮುಳುಗಿರುವುದು, ಕೊಳದೊಳಗಿನ ವ್ಯಾಯಾಮ ಎಲ್ಲವೂ ಇದರಲ್ಲಿ ಸೇರುತ್ತವೆ. ಬಿಸಿನೀರ ಬುಗ್ಗೆಗಳ ಸ್ನಾನವನ್ನೂ ಇದರೊಡನೆ ಬೆರೆಸಿ ಬರೆಯುವ ರೂಢಿಯಿದೆ. ಆದರೆ ಬುಗ್ಗೆಯಲ್ಲಿ ಗುಣವೆಲ್ಲ ನೀರಿನಲ್ಲಿ ಕರಗಿದ ಗಂಧಕ, ಲವಣಗಳದ್ದೆಂದು ನಂಬಿಕೆ. ಜಲಚಿಕಿತ್ಸೆ ನಂಬಿರುವುದು ನೀರಿನ ಶಾಖ, ಒತ್ತಡ ಮತ್ತು ತೇಲಿಸುವ ಬಲವನ್ನು. ಇದಕ್ಕೆ ಬಚ್ಚಲ ಹಂಡೆಯ ನೀರೂ ಆದೀತು. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥದಂಥ ಬುಗ್ಗೆಗಳು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಮೂಲದ ಗೊಂದಲ

ಭಾರತೀಯ ಭಾಷೆಗಳ ಬರಹಗಳು ಈ ಚರಿತ್ರೆಯನ್ನು ಸಾಮಾನ್ಯವಾಗಿ ವೇದದಿಂದ ಆರಂಭಿಸುತ್ತವೆ. ಋಗ್ವೇದ ನೀರನ್ನು ಔಷಧವೆಂದು ಕರೆದಿರುವುದು ನಿಜ. ಚರಕಸಂಹಿತೆ ಹೇಳುವ 13 ಬಗೆಯ ಸ್ವೇದಗಳಲ್ಲಿ ಪರಿಷೇಕ (ಸುರಿಯುವುದು), ಅವಗಾಹ (ಮುಳುಗಿರುವುದು) ಇರುವುದೂ ನಿಜ. ಆದರೆ ಅವಗಾಹದ ತೊಟ್ಟಿಗೆ ತುಂಬುವ ಕಷಾಯ, ಹಾಲು, ಎಣ್ಣೆ, ತುಪ್ಪ, ಮಾಂಸರಸಗಳ ಸಾಲಿನಲ್ಲಿ ಬಿಸಿನೀರೂ ಒಂದು, ಅಷ್ಟೇ. ಅಲ್ಲಿನ ಉದ್ದೇಶ ಬೆವರಿಸುವುದು. ಇಂದು ನಮ್ಮ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಕಾಣುವ ತಣ್ಣೀರ ಕಟಿಸ್ನಾನವೂ ಒದ್ದೆಬಟ್ಟೆ ಸುತ್ತೂ ಬಂದದ್ದು ಬೇರೆ ದಾರಿಯಿಂದ, ಮಧ್ಯ ಯುರೋಪಿನಿಂದ.

ಅಲ್ಲಿಯೂ ‘ಜನಕ’ ಯಾರೆಂಬ ತಕರಾರಿದೆ. ಆ ಪಟ್ಟ ಸಾಮಾನ್ಯವಾಗಿ ಸಲ್ಲುವುದು ಆಸ್ಟ್ರಿಯನ್ ಸೈಲೀಷಿಯದ ಗ್ರೇಫೆನ್‌ಬರ್ಗ್ ಎಂಬ ಬೆಟ್ಟದೂರಿನ (ಈಗ ಚೆಕ್ ದೇಶದಲ್ಲಿದೆ) ರೈತ ವಿನ್ಸೆಂಟ್ಸ್ ಪ್ರೀಸ್ನಿಟ್ಸ್‌ಗೆ (1799–1851). ಹರೆಯದಲ್ಲಿ ಗಾಡಿಗೆ ಸಿಕ್ಕಿ ಪಕ್ಕೆಲುಬು ಮುರಿದಾಗ ಒದ್ದೆ ಪಟ್ಟಿ ಕಟ್ಟಿಕೊಂಡು ವಾಸಿಮಾಡಿಕೊಂಡನೆಂಬುದು ಅವನ ಕಥೆಯ ಆರಂಭ. ಅವನು ಉಪಯೋಗಿಸುತ್ತಿದ್ದ ಸ್ಪಂಜಿನಲ್ಲಿ ಮಾಟವಿದೆಯೆಂದು ದೂರು ಹೋದದ್ದೂ ಉಂಟು. 1839ರ ಹೊತ್ತಿಗೆ ವರ್ಷಕ್ಕೆ ಸುಮಾರು 1,500 ಮಂದಿ ಅವನಲ್ಲಿಗೆ ಬರುತ್ತಿದ್ದರು. ಪ್ರೀಸ್ನಿಟ್ಸ್ ತಾನಾಗಿ ಯಾವ ಪುಸ್ತಕವನ್ನೂ ಪ್ರಕಟಿಸಲಿಲ್ಲ. ಅವನ ವಿಧಾನ ಲೋಕಕ್ಕೆ ತಿಳಿದದ್ದು ಬಹುಪಾಲು ಗುಣಮುಖರಾದವರ ಬರಹದಿಂದ. ಗುಣವಾಗದೆ ಹಿಂತಿರುಗಿದವರು ಬರೆದದ್ದು ಕಡಿಮೆ.

ಅವನಿಗಿಂತ ಮೊದಲೇ ಇಂಗ್ಲೆಂಡಿನ ಜಾನ್ ಫ್ಲಾಯರ್ 1697ರಲ್ಲಿ, ಸೈಲೀಷಿಯದವನೇ ಆದ ವೈದ್ಯ ಯೊಹಾನ್ ಸೀಗ್‌ಮುಂಡ್ ಹಾನ್ 1738ರಲ್ಲಿ ತಣ್ಣೀರಿನ ಬಗ್ಗೆ ಗ್ರಂಥ ಬರೆದಿದ್ದರು. ಲಿವರ್‌ಪೂಲಿನ ಜೇಮ್ಸ್ ಕರಿ 1797ರ ಕೃತಿಯಲ್ಲಿ ಜ್ವರದ ರೋಗಿಗಳಿಗೆ ನೀರು ಸುರಿದು ಉಷ್ಣಮಾಪಕದಿಂದ ಫಲಿತಾಂಶ ಅಳೆದದ್ದನ್ನು ದಾಖಲಿಸಿದ. ವೈದ್ಯಕೀಯವಾಗಿ ನೋಡಿದರೆ ತಿರುವು ಕರಿಯದು. ಜನಪ್ರಿಯತೆಯಿಂದ ನೋಡಿದರೆ ಪ್ರೀಸ್ನಿಟ್ಸ್‌ನದು.

ಹರಡಿದ ಬಗೆ

1842ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಜಲಚಿಕಿತ್ಸಾಲಯ ತೆರೆಯಿತು. 1849ರಲ್ಲಿ ಅಲ್ಲಿ ಚಿಕಿತ್ಸೆ ಪಡೆದ ಚಾರ್ಲ್ಸ್ ಡಾರ್ವಿನ್‌ಗೆ ಹಿತವೆನಿಸಿತು. ಎರಡು ವರ್ಷದ ಬಳಿಕ ಅಲ್ಲಿಗೇ ಕರೆದೊಯ್ದ ಅವನ ಮಗಳು ಆನಿ ಉಳಿಯಲಿಲ್ಲ. ವಿಯೆನ್ನಾದಲ್ಲಿ ವಿಲ್ಹೆಲ್ಮ್ ವಿಂಟರ್‌ನಿಟ್ಸ್ ಇದನ್ನು ಶರೀರಕ್ರಿಯಾಶಾಸ್ತ್ರಕ್ಕೆ ಜೋಡಿಸಿದ. ಬವೇರಿಯದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್‌ನ ಜಲಚಿಕಿತ್ಸೆಯ ಪುಸ್ತಕ 1886ರಲ್ಲಿ ಬಂತು. 1861ರಲ್ಲಿ ಎರ್ನ್‌ಸ್ಟ್ ಬ್ರಾಂಡ್ ಸೂಚಿಸಿದ ವಿಷಮಶೀತ ಜ್ವರದ ತಣ್ಣೀರ ಸ್ನಾನವಂತೂ ವಿಲಿಯಂ ಆಸ್ಲರ್‌ನಂಥ ವೈದ್ಯನ ಆಸ್ಪತ್ರೆಗೂ ತಲುಪಿತು. ಜಲಚಿಕಿತ್ಸೆ ಆಗ ನಾಟಿವೈದ್ಯರ ಸೊತ್ತು ಮಾತ್ರವಾಗಿರಲಿಲ್ಲ ಎಂಬುದನ್ನು ಅದನ್ನು ಹೊಗಳುವವರೂ ತೆಗಳುವವರೂ ಮರೆಯುತ್ತಾರೆ.

ಹುಚ್ಚಾಸ್ಪತ್ರೆಯ ನೀರು

ಆಕರಗಳು ಒಂದಕ್ಕೊಂದು ಹೆಚ್ಚು ತಾಕಲಾಡುವುದು ಇಲ್ಲಿ. ಉನ್ಮಾದಕ್ಕೆ ನೀರನ್ನು ಮದ್ದಾಗಿ ಬಳಸುವುದು ಹಳೆಯ ವಿಚಾರ. ರೋಗಿಯನ್ನು ಮುಳುಗುವಷ್ಟು ಹೊತ್ತು ನೀರಿನಲ್ಲಿ ಅದುಮಿಟ್ಟರೆ ಭ್ರಮೆ ಬಿಡುತ್ತದೆಂಬುದು 17ನೇ ಶತಮಾನದ ಫ್ಲೆಮಿಷ್ ವೈದ್ಯ ವಾನ್ ಹೆಲ್ಮಾಂಟ್‌ನ ವಾದ. ಪ್ಯಾರಿಸಿನ ಮನೋವೈದ್ಯ ಎಸ್ಕಿರೋಲ್ ರೋಗಿಗಳ ನೆತ್ತಿಯ ಮೇಲೆ ತಣ್ಣೀರ ಧಾರೆ ಬಿಡಿಸುತ್ತಿದ್ದ. ತಾನೂ ಒಮ್ಮೆ ಅದರಡಿ ನಿಂತು, ಮಂಜುಗಡ್ಡೆಯ ಕಂಬ ತಲೆಯ ಮೇಲೆ ಒಡೆದಂತಾಯಿತೆಂದು ಬರೆದ. ಅವನ ನಂತರದ ಲ್ಯೂರೆ 1840ರ ಕೃತಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ: ರೋಗಿ ತನ್ನ ಭ್ರಮೆ ಸುಳ್ಳೆಂದು ಒಪ್ಪುವವರೆಗೆ ಧಾರೆ ನಿಲ್ಲಿಸಬಾರದು. ಇದು ಚಿಕಿತ್ಸೆಯೋ ತಪ್ಪೊಪ್ಪಿಗೆ ಹೊರಡಿಸುವ ಉಪಾಯವೋ ಎಂದು ಸಮಕಾಲೀನ ವೈದ್ಯರೇ ಜಗಳವಾಡಿದರು.

1856ರಲ್ಲಿ ಇಂಗ್ಲೆಂಡಿನ ಸರ್ರೆ ಕೌಂಟಿಯ ಹುಚ್ಚಾಸ್ಪತ್ರೆಯಲ್ಲಿ ವೈದ್ಯನಿಗೆ ಹೊಡೆದ ವೃದ್ಧ ರೋಗಿಯೊಬ್ಬನನ್ನು 28 ನಿಮಿಷ ತಣ್ಣೀರ ಧಾರೆಯಡಿ ನಿಲ್ಲಿಸಲಾಯಿತು. ಸ್ವಲ್ಪ ಹೊತ್ತಿನಲ್ಲೇ ಆತ ಸತ್ತ. ವೈದ್ಯನ ಮೇಲೆ ನರಹತ್ಯೆಯ ಆರೋಪ ಬಂದರೂ ಜ್ಯೂರಿ ಅದನ್ನು ವಿಚಾರಣೆಗೆ ಒಪ್ಪಿಸಲಿಲ್ಲ. 1887ರಲ್ಲಿ ಹುಚ್ಚಿಯ ವೇಷದಲ್ಲಿ ನ್ಯೂಯಾರ್ಕಿನ ಆಸ್ಪತ್ರೆ ಸೇರಿದ ಪತ್ರಕರ್ತೆ ನೆಲ್ಲಿ ಬ್ಲೈ ತನ್ನ ತಲೆಯ ಮೇಲೆ ಬಕೆಟ್ಟುಗಟ್ಟಲೆ ತಣ್ಣೀರು ಸುರಿದದ್ದನ್ನು ವರದಿ ಮಾಡಿದಳು. ಅದನ್ನು ಚಿಕಿತ್ಸೆಯೆಂದು ಅಲ್ಲಿಯವರೂ ಕರೆಯಲಿಲ್ಲ. ಅದು ಬರೀ ಸ್ನಾನ.

ಮುಂದಿನ ಘಟ್ಟದಲ್ಲಿ ತಣ್ಣೀರ ಧಾರೆ ಹೋಗಿ ಉಗುರುಬೆಚ್ಚಗಿನ ನೀರಿನ ತೊಟ್ಟಿ ಬಂತು. ಜರ್ಮನಿಯಲ್ಲಿ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಉದ್ರಿಕ್ತ ರೋಗಿಗಳನ್ನು ಮೈಶಾಖಕ್ಕಿಂತ ಕೊಂಚ ಕಡಿಮೆ ಬಿಸಿಯ ತೊಟ್ಟಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರಿಸಿದ. ಊಟ ನಿದ್ದೆ ಅಲ್ಲೇ. ಒಂಟಿಕೋಣೆಗಳ ಅಗತ್ಯವೇ ಬಹುಮಟ್ಟಿಗೆ ತಪ್ಪಿತೆಂದು ಅವನ ಹೇಳಿಕೆ. 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗಗಳಿದ್ದವು. ತಲೆಯೊಂದನ್ನು ಹೊರಗೆ ಬಿಟ್ಟು ತೊಟ್ಟಿಯ ಮೇಲೆ ಕ್ಯಾನ್ವಾಸ್ ಬಿಗಿಯುತ್ತಿದ್ದರು. ನೀರು 33ರಿಂದ 36 ಡಿಗ್ರಿ ಸೆಲ್ಸಿಯಸ್. ಇನ್ನೊಂದು ವಿಧಾನದಲ್ಲಿ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹಚ್ಚಡಗಳನ್ನು ಕೈ ಕಾಲು ಸೇರಿಸಿ ಸುತ್ತುತ್ತಿದ್ದರು. ಮೊದಲು ನಡುಕ, ಆಮೇಲೆ ಮೈಶಾಖಕ್ಕೆ ಬಟ್ಟೆ ಬೆಚ್ಚಗಾಗಿ ಮಂಪರು.

ಈ ಮಂಪರು ಸುಳ್ಳಲ್ಲ. ಬೆಚ್ಚನೆಯ ನೀರಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುಗಳು ಸಡಿಲಾಗುತ್ತವೆ. ಆದರೆ ಕೈಕಾಲು ಆಡಿಸಲಾಗದೆ ಸುತ್ತಿಸಿಕೊಂಡವನು ಸುಮ್ಮನಾದದ್ದು ನೀರಿನಿಂದಲೋ ಕಟ್ಟಿನಿಂದಲೋ ಎಂಬುದನ್ನು ಆಸ್ಪತ್ರೆಯ ಕಡತಗಳು ಬೇರ್ಪಡಿಸುವುದಿಲ್ಲ. ಕ್ಯಾಲಿಫೋರ್ನಿಯದ ಕಡತಗಳನ್ನು ಓದಿ 1997ರಲ್ಲಿ ಪುಸ್ತಕ ಬರೆದ ಜೋಯಲ್ ಬ್ರಾಸ್ಲೋ, ವೈದ್ಯರ ಕಣ್ಣಿನಲ್ಲಿ ಹತೋಟಿಯೂ ಚಿಕಿತ್ಸೆಯೂ ಒಂದೇ ಆಗಿಬಿಟ್ಟಿದ್ದವೆಂದು ವಾದಿಸಿದ್ದಾರೆ. ವಂಚನೆಯೆಂದು ತಳ್ಳಿಹಾಕುವ ಬರಹಗಳಿಗಿಂತಲೂ ಸೌಮ್ಯ ಚಿಕಿತ್ಸೆಯೆಂದು ಹೊಗಳುವ ಬರಹಗಳಿಗಿಂತಲೂ ಈ ವಾದ ಆಧಾರಗಳಿಗೆ ಹತ್ತಿರವಾಗಿದೆ. 1952ರಲ್ಲಿ ಪ್ಯಾರಿಸಿನಲ್ಲಿ ಉನ್ಮಾದ ತಣಿಸುವ ಔಷಧ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂತು, 1954ರಲ್ಲಿ ಅಮೆರಿಕಕ್ಕೆ. ಆಮೇಲೆ ತೊಟ್ಟಿಗಳು ಬೇಗನೆ ಬರಿದಾದವು.

ಭಾರತಕ್ಕೆ ಬಂದದ್ದು

ಲೈಪ್‌ಜಿಗ್‌ನ ಲೂಯಿ ಕೂನೆ ವೈದ್ಯನಲ್ಲ. ರೋಗವೆಲ್ಲ ಒಂದೇ, ಮೈಯಲ್ಲಿ ಸೇರಿದ ಕಲ್ಮಷವೇ ಅದರ ಮೂಲ, ಕಟಿಸ್ನಾನವೇ ಮದ್ದು ಎಂಬುದು ಅವನ ಸಿದ್ಧಾಂತ. ಅವನ ಪುಸ್ತಕ 1894ರಲ್ಲೇ ತೆಲುಗಿಗೆ ಬಂತೆಂದು ಪ್ರಕೃತಿ ಚಿಕಿತ್ಸೆಯ ಸಂಸ್ಥೆಗಳು ಹೇಳುತ್ತವೆ. ಅವನ ಚಿಕಿತ್ಸೆಯನ್ನು ಮನೆಮಾತಾಗಿಸಿದವರು ಗಾಂಧಿ. 1902ರಲ್ಲಿ ಮುಂಬಯಿಯಲ್ಲಿ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂದಾಗ ಅವರು ವೈದ್ಯರು ಹೇಳಿದ ಮೊಟ್ಟೆ, ಕೋಳಿಸಾರನ್ನು ಒಪ್ಪದೆ ಮೂರು ನಿಮಿಷ ಮೀರದ ಕಟಿಸ್ನಾನ ಕೊಟ್ಟರು. ಜ್ವರ 104 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿದಾಗ ಒದ್ದೆಬಟ್ಟೆ ಸುತ್ತಿ ಮೇಲೆ ಕಂಬಳಿ ಹೊದಿಸಿದರು. ಮಗ ಬೆವರಿದ, ಉಳಿದ. ಈ ಪ್ರಸಂಗವನ್ನು ಜಲಚಿಕಿತ್ಸೆಯ ಗೆಲುವೆಂದು ಉದಾಹರಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ: ವಾಸಿಯಾದದ್ದು ದೇವರ ಕೃಪೆಯಿಂದಲೋ ನೀರಿನಿಂದಲೋ ಪಥ್ಯ ಆರೈಕೆಗಳಿಂದಲೋ ಹೇಳಬಲ್ಲವರಾರು ಎಂದು ಗಾಂಧಿಯೇ ಆತ್ಮಕಥೆಯಲ್ಲಿ ಕೇಳಿದ್ದಾರೆ. 1946ರಲ್ಲಿ ಅವರು ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಪ್ರಕೃತಿ ಚಿಕಿತ್ಸೆಯ ಕೇಂದ್ರ ಆರಂಭಿಸಿದರು.

ಕೊಳದ ವ್ಯಾಯಾಮ

ವಿವಾದ ಕಡಿಮೆಯಿರುವ ಭಾಗವಿದು. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ. ಕುತ್ತಿಗೆಯವರೆಗೆ ನಿಂತರೆ ಹತ್ತರಲ್ಲೊಂದು ಪಾಲು. ಪೋಲಿಯೊದ ಕಾಲದಲ್ಲಿ ಇದು ಉಪಯೋಗಕ್ಕೆ ಬಂತು. 1924ರಲ್ಲಿ ಅಮೆರಿಕದ ಜಾರ್ಜಿಯದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದ, ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1926ರಲ್ಲಿ ಆ ಜಾಗವನ್ನೇ ಕೊಂಡರು. ಅಂಗವಿಕಲ ಮಕ್ಕಳಿಗೆ ಈಜು ಕಲಿಸುವ ಹ್ಯಾಲಿವಿಕ್ ವಿಧಾನ 1949ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡಿತು. ಮಂಡಿ, ಸೊಂಟದ ಸಂಧಿವಾತದ ಬಗ್ಗೆ 2016ರ ಕಾಕ್ರನ್ ವಿಮರ್ಶೆ 13 ಪ್ರಯೋಗಗಳನ್ನು, 1,190 ರೋಗಿಗಳನ್ನು ಪರಿಶೀಲಿಸಿ, ನೀರಿನ ವ್ಯಾಯಾಮದಿಂದ ನೋವು ಸ್ವಲ್ಪಮಟ್ಟಿಗೆ, ಸ್ವಲ್ಪಕಾಲ ಇಳಿಯುತ್ತದೆಂದಿತು. ಖಿನ್ನತೆಗೆ 40 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಸ್ನಾನ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಜರ್ಮನ್ ಪ್ರಯೋಗದಲ್ಲಿದ್ದವರು 36 ಮಂದಿ. ತೊಟ್ಟಿಗೆ ಇಳಿದವರು ತಾವಾಗಿ ಒಪ್ಪಿದವರು. ಹಳೆಯ ಹುಚ್ಚಾಸ್ಪತ್ರೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಅದೇ.

ಜಲಚಿಕಿತ್ಸೆ ಇಂದು ಉಳಿದಿರುವ ಪ್ರಕೃತಿ ಚಿಕಿತ್ಸೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಬೆಂಗಳೂರಿನ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ 1979ರಲ್ಲಿ, ಐದೂವರೆ ವರ್ಷದ ಪದವಿ ಶಿಕ್ಷಣ ನೀಡುವ ಉಜಿರೆಯ ಕಾಲೇಜು 1989ರಲ್ಲಿ ಆರಂಭವಾದವು. ಕೇಂದ್ರದ 2020ರ ಭಾರತೀಯ ವೈದ್ಯಪದ್ಧತಿ ಆಯೋಗದ ಕಾಯ್ದೆ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾಗಳನ್ನು ಒಳಗೊಂಡು ಪ್ರಕೃತಿ ಚಿಕಿತ್ಸೆಯನ್ನು ಹೊರಗಿಟ್ಟಿತು. ಆದರೆ ವೈದ್ಯರ ನೋಂದಣಿಗೆ ಸಂಬಂಧಿಸಿದ ಕರ್ನಾಟಕದ 1961ರ ಕಾಯ್ದೆಯ ಹೆಸರಿನಲ್ಲೇ ಪ್ರಕೃತಿ ಚಿಕಿತ್ಸೆ ಸೇರಿದೆ.