ವಿಹಾರಯಾತ್ರೆ ಮತ್ತು ಧರ್ಮಯಾತ್ರೆ: ಮೊಳಕಾಲ್ಮೂರು ಸೀಮೆಯ ದಾರಿಗಳು

ಜೈನ ಪರಿಭಾಷೆಯಲ್ಲಿ ‘ವಿಹಾರ’ ಎಂಬ ಶಬ್ದಕ್ಕೆ ಒಂದು ನಿಶ್ಚಿತವಾದ ಅರ್ಥವುಂಟು. ಮುನಿಸಂಘವು ವಾಹನವನ್ನೇರದೆ, ಊರಿನಿಂದ ಊರಿಗೆ ಕಾಲ್ನಡಿಗೆಯಲ್ಲಿ ಸಾಗುವುದೇ ವಿಹಾರ. ಆದರೆ ಕ್ರಿ.ಪೂ. 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಎಂಟನೆಯ ಬಂಡೆಶಾಸನದಲ್ಲಿ ಇದೇ ಶಬ್ದವು ಬಹುಮಟ್ಟಿಗೆ ವಿರುದ್ಧವಾದ ಅರ್ಥದಲ್ಲಿ ಬಂದಿದೆ. ಹಿಂದಿನ ಅರಸರು ವಿಹಾರಯಾತ್ರೆಗೆ ಹೊರಡುತ್ತಿದ್ದರು, ಅದರಲ್ಲಿ ಬೇಟೆ ಮೊದಲಾದ ವಿನೋದಗಳು ನಡೆಯುತ್ತಿದ್ದವು. ಪಟ್ಟಾಭಿಷೇಕವಾಗಿ 10 ವರ್ಷಗಳಾದ ಬಳಿಕ ತಾನು ಅದನ್ನು ಬಿಟ್ಟು ಧರ್ಮಯಾತ್ರೆಯನ್ನು ಕೈಕೊಂಡೆನೆಂದು ಅರಸನು ಅಲ್ಲಿ ಹೇಳಿಕೊಂಡಿದ್ದಾನೆ. ಶ್ರಮಣರ ಮತ್ತು ಬ್ರಾಹ್ಮಣರ ದರ್ಶನ, ದಾನ, ವೃದ್ಧರ ಭೇಟಿ, ನಾಡಿನ ಜನರೊಡನೆ ಧರ್ಮದ ಮಾತುಕತೆ, ಇವು ಆ ಯಾತ್ರೆಯ ಅಂಗಗಳು. ಇಂದು ಪ್ರವಾಸೋದ್ಯಮ ಮತ್ತು ತೀರ್ಥಯಾತ್ರೆ ಎಂಬ ಎರಡು ಪದಗಳ ನಡುವೆ ನಡೆಯುತ್ತಿರುವ ವಾದವು 2,200 ವರ್ಷಗಳಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಈ ಅರಸನ ಮಾತು ಕನ್ನಡ ನಾಡನ್ನು ತಲುಪಿದ ಸ್ಥಳಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ಮುಖ್ಯವಾದುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರೂ ಕಡೆಗಳ ಕಿರುಶಾಸನಗಳನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಶಾಸನದ ಒಕ್ಕಣೆಯೇ ಒಂದು ಪ್ರಯಾಣದ ಕಥೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಅನಂತರ ಅರಸನ ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲವೆಂಬುದು ಬ್ರಹ್ಮಗಿರಿಯ ಪರಿಸರದ ಪಟ್ಟಣವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಶಾಸನದಲ್ಲಿ ಕಾಣುವ 256 ಎಂಬ ಸಂಖ್ಯೆಯು ಅರಸನು ಅರಮನೆಯಿಂದ ಹೊರಗೆ ಪ್ರಯಾಣದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಬರೆದವನ ಹೆಸರು ಚಪಡ. ತನ್ನ ಹೆಸರಿನ ಮುಂದಿನ ‘ಲಿಪಿಕಾರ’ ಎಂಬ ಭಾಗವನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಗಡಿನಾಡಿನ ಲಿಪಿ. ಗಾಂಧಾರದ ಕಡೆಯ ಅಕ್ಷರಾಭ್ಯಾಸವಿದ್ದ ಒಬ್ಬ ಬರೆಹಗಾರನು ಈ ಕುರುಚಲು ಕಾಡಿನ ಬಂಡೆಯ ಮುಂದೆ ಕುಳಿತಿದ್ದನೆಂದರೆ ಆ ಕಾಲದ ದಾರಿಗಳ ಉದ್ದವನ್ನು ಊಹಿಸಬಹುದು. 1947ರಲ್ಲಿ ಮಾರ್ಟಿಮರ್ ವ್ಹೀಲರರು ಇಲ್ಲಿ ನಡೆಸಿದ ಉತ್ಖನನದಲ್ಲಿ ಪೂರ್ವ ಕರಾವಳಿಯ ಅರಿಕಮೇಡಿನಲ್ಲಿ ದೊರೆತಂತಹ ಮಡಕೆಗಳೇ ದೊರೆತುವು. ರಾಜಾಜ್ಞೆಯ ದಾರಿಯಲ್ಲಿಯೇ ವ್ಯಾಪಾರದ ಸರಕೂ ಬಂದಿತ್ತು.

ಶಾಸನದ ಉಪದೇಶವು ಸರಳವಾದುದು: ತಾಯಿತಂದೆಯರ ಸೇವೆ, ಗುರುಹಿರಿಯರ ಗೌರವ, ಸತ್ಯವಚನ, ಪ್ರಾಣಿಗಳಲ್ಲಿ ದಯೆ. ಇದೇ ಶಾಸನದ ಎರ್ರಗುಡಿಯ ಪಾಠದಲ್ಲಿ ಒಂದು ಹೆಚ್ಚಿನ ವಿಷಯವಿದೆ. ಈ ಧರ್ಮವನ್ನು ಯಾರ ಮೂಲಕ ಕಲಿಸಬೇಕೆಂಬ ಪಟ್ಟಿಯಲ್ಲಿ ಬ್ರಾಹ್ಮಣರು ಮತ್ತು ಕರಣಿಕರ ಜೊತೆಗೆ ಆನೆಯನ್ನೇರುವವರೂ ರಥವಿದ್ಯೆಯ ಆಚಾರ್ಯರೂ ಸೇರಿದ್ದಾರೆ. ಪ್ರಾಣಿದಯೆಯ ಮಾತನ್ನು ಮೊದಲು ಕೇಳಬೇಕಾದವರು ಪ್ರಾಣಿಗಳ ಬೆನ್ನ ಮೇಲೆ ಕುಳಿತವರು ಎಂದು ಆ ಅರಸನಿಗೆ ತೋರಿದ್ದರೆ ಅದು ಸಹಜವೇ ಆಗಿದೆ.

ಅಶೋಕನ ತಾತ ಚಂದ್ರಗುಪ್ತನು ಭದ್ರಬಾಹು ಸ್ವಾಮಿಗಳನ್ನು ಅನುಸರಿಸಿ ಶ್ರವಣಬೆಳಗೊಳಕ್ಕೆ ಬಂದನೆಂಬುದು ಜೈನ ಪರಂಪರೆಯ ನಂಬಿಕೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ತಿಳಿಸಿದುದರಿಂದ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂಬ ವೃತ್ತಾಂತವು ಚಂದ್ರಗಿರಿಯ ಸು. 600ರ ಶಾಸನದಲ್ಲಿದೆ. ಆ ಸಂಘವು ಮೊಳಕಾಲ್ಮೂರು ಸೀಮೆಯನ್ನೇ ಹಾದು ಬಂದಿತೆನ್ನಲು ಆಧಾರವಿಲ್ಲ; ಹಾಗೆ ಹೇಳಿ ಸ್ಥಳಮಹಿಮೆಯನ್ನು ಬೆಳೆಸುವ ಅಗತ್ಯವೂ ಇಲ್ಲ. ಗಮನಿಸಬೇಕಾದ ಅಂಶ ಬೇರೆ. ಮುನಿಗಳು ಎಂತಹ ದಾರಿಯಲ್ಲಿ ನಡೆಯಬೇಕೆಂಬುದನ್ನು ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಈರ್ಯಾಸಮಿತಿಯ ಸಂದರ್ಭದಲ್ಲಿ ವಿವರಿಸುತ್ತದೆ. ಬಂಡಿ, ಪಲ್ಲಕ್ಕಿ, ರಥಗಳು ಅನೇಕ ಸಲ ಸಾಗಿದ ದಾರಿ, ಆನೆ, ಕುದುರೆ, ದನಗಳು ಹಾಗೂ ಸ್ತ್ರೀಪುರುಷರು ತುಳಿದ ದಾರಿ ಪ್ರಾಸುಕವಾದುದು, ಎಂದರೆ ಸೂಕ್ಷ್ಮಜೀವಿಗಳಿಂದ ಮುಕ್ತವಾಗಿ ಮುನಿಗಳು ಕಾಲಿಡಲು ತಕ್ಕುದಾದುದು. ವಾಹನವನ್ನು ಮುಟ್ಟದ ತ್ಯಾಗಿಯು ವಾಹನಗಳು ಸವೆಸಿದ ದಾರಿಯನ್ನೇ ಅರಸಬೇಕು. ಗೃಹಸ್ಥನ ಬಂಡಿಗೂ ಮುನಿಯ ಹೆಜ್ಜೆಗೂ ಇರುವ ಈ ನಂಟನ್ನು ಆಚಾರ್ಯರು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ.

ಬಂಡಿಯನ್ನೆಳೆದವರು ಯಾರು? ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. ಮಳೆ ಕಡಿಮೆಯಾದ ಈ ನಾಡಿನ ಹುಲ್ಲುಗಾವಲುಗಳು ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳಾಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಹೈದರಾಲಿಯ ಕಾಲದಲ್ಲಿ ವಿಸ್ತಾರಗೊಂಡು ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಹೆಸರು ಅಮೃತದ್ದಾದರೂ ತಳಿಯ ಕೀರ್ತಿ ಹಾಲಿನಿಂದ ಬಂದುದಲ್ಲ. ಫಿರಂಗಿಯನ್ನೂ ದಂಡಿನ ಸಾಮಗ್ರಿಯನ್ನೂ ಎಳೆದು ವೇಗವಾಗಿ ನಡೆಯಬಲ್ಲ ಎತ್ತುಗಳಿಂದ ಬಂದುದು. ಟಿಪ್ಪುವಿನ ಪತನಾನಂತರ ಅದೇ ಎತ್ತುಗಳು ಕಂಪನಿಯ ತೋಪುಗಳನ್ನೆಳೆದವು. ಯಾರ ಯುದ್ಧವೆಂಬುದು ಎತ್ತಿಗೆ ತಿಳಿಯದು.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಕೊಲ್ಲುವುದಂತೂ ವ್ರತಭಂಗವೇ. ಈ ಐದು ಕೊಲ್ಲದೆಯೇ ಮಾಡುವ ಹಿಂಸೆಗಳು, ಮತ್ತು ಐದೂ ಬಂಡಿ ಹೊಡೆಯುವವನ ದಿನನಿತ್ಯದ ಪ್ರಲೋಭನಗಳು. ವಣಿಕವೃತ್ತಿಯ ಶ್ರಾವಕರು ಹೇರೆತ್ತುಗಳಲ್ಲಿಯೂ ಬಂಡಿಗಳಲ್ಲಿಯೂ ಸರಕು ಸಾಗಿಸುತ್ತಿದ್ದ ಕಾಲದಲ್ಲಿ ಸಾರಿಗೆಯ ನೀತಿಸಂಹಿತೆಯೆಂದರೆ ಇದೇ ಆಗಿತ್ತು.

ಇದೇ ಸೀಮೆಯ ಮ್ಯಾಸನಾಯಕರಲ್ಲಿ ‘ದೇವರ ಎತ್ತು’ಗಳ ಹಿಂಡುಗಳನ್ನು ಸಾಕುವ ಪದ್ಧತಿಯಿದೆ. ಆ ಎತ್ತುಗಳ ಹೆಗಲಿಗೆ ನೊಗವಿಡುವುದಿಲ್ಲ, ಅವನ್ನು ಮಾರುವುದೂ ಇಲ್ಲ. ಕಿಲಾರಿಯೆಂಬ ಪಾಲಕನು ಅವುಗಳೊಡನೆಯೇ ಬಾಳುತ್ತಾನೆ. ಬರಗಾಲ ಬಂದಾಗ ಮೇವಿಗಾಗಿ ಅವನು ಪಡುವ ಪಾಡು ಸಣ್ಣದಲ್ಲ. ದಯೆಯೆಂಬುದು ಜೈನರ ಗ್ರಂಥಗಳಲ್ಲಿ ಮಾತ್ರ ಇದೆಯೆಂದು ಭಾವಿಸುವವರು ಒಮ್ಮೆ ಈ ಹಟ್ಟಿಗಳನ್ನು ನೋಡಬೇಕು. ಕಾವಲುಗಳ ಸಾವಿರಾರು ಎಕರೆ ಭೂಮಿಯು ಈ ಶತಮಾನದ ಆರಂಭದ ದಶಕಗಳಲ್ಲಿ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ, ದನ ಮೇಯಿಸುವವರ ಪರವಾಗಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದಲ್ಲಿ ವ್ಯಾಜ್ಯವೂ ನಡೆಯಿತು. 2017ರಲ್ಲಿ ಚಳ್ಳಕೆರೆಯ ಬಳಿ ಚಾಲಕರಹಿತ ವಿಮಾನಗಳ ಪರೀಕ್ಷಾಕ್ಷೇತ್ರವು ಆರಂಭವಾಯಿತು. ದಂಡಿನ ಎತ್ತು ಮೇಯುತ್ತಿದ್ದ ಸೀಮೆಯಿಂದ ಈಗ ದಂಡಿನ ವಿಮಾನ ಏಳುತ್ತದೆ.

ಮಿಕ್ಕ ಸಾರಿಗೆಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1948ರಲ್ಲಿ 120 ಬಸ್ಸುಗಳೊಡನೆ ಆರಂಭವಾಗಿ 1961ರಲ್ಲಿ ನಿಗಮವಾಯಿತು. ಚಿತ್ರದುರ್ಗದಿಂದ ಚಳ್ಳಕೆರೆ, ಮೊಳಕಾಲ್ಮೂರುಗಳ ಮೂಲಕ ರಾಯದುರ್ಗಕ್ಕೆ ರೈಲು ಹಾದಿಯು ಕಳೆದ ಶತಮಾನದ ಕೊನೆಯ ವೇಳೆಗೆ ಬಂದಿತು. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಚಳ್ಳಕೆರೆಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವನ್ನೂ ದಾಟುತ್ತದೆ. ದಾರಿಗಳಿಗೆ ಕೊರತೆಯಿಲ್ಲ, ಇಳಿಯುವವರು ಕಡಿಮೆ. ಶ್ರವಣಬೆಳಗೊಳದಿಂದ ಹಂಪಿ, ಕೊಪ್ಪಳಗಳಿಗೆ ಹೊರಟ ಯಾತ್ರಿಕರ ಬಸ್ಸು ಚಿತ್ರದುರ್ಗದಿಂದ ನೇರವಾಗಿ ಹೊಸಪೇಟೆಯ ಹೆದ್ದಾರಿಯನ್ನು ಹಿಡಿಯುತ್ತದೆ, ಬ್ರಹ್ಮಗಿರಿಯು ಬಲಗಡೆಗೆ ದೂರದಲ್ಲಿ ಉಳಿದುಹೋಗುತ್ತದೆ. ಮೊಳಕಾಲ್ಮೂರಿಗೇ ಬರುವ ಹೊರಗಿನವರು ಬಹುತೇಕ ಸೀರೆಗಾಗಿ ಬರುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ರೇಷ್ಮೆಯ ನೇಯ್ಗೆ ಅಪೂರ್ವವಾದುದೇ. ಆದರೆ ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದು ನೂಲು ತೆಗೆಯುವುದನ್ನು ಬಲ್ಲ ಶ್ರಾವಿಕೆಗೆ ಈ ಊರಿನ ಪೇಟೆ ಸುಲಭವಾದ ಸ್ಥಳವಲ್ಲ. ನೇಕಾರನ ಮಗ್ಗದ ಅನ್ನವೂ ಅಲ್ಲಿಯೇ ಇದೆ ಎಂಬುದರಿಂದ ಪ್ರಶ್ನೆಯು ಇನ್ನೂ ಕಠಿನವಾಗುತ್ತದೆ.

ಪ್ರವಾಸಿಗರು ಬರಲಿ ಎಂಬುದು ಎಲ್ಲ ಊರುಗಳ ಆಶೆ. ಬಂದಮೇಲೆ ಏನಾಗುತ್ತದೆಂಬುದನ್ನು ಜೈನ ಸಮಾಜವು ಸಮ್ಮೇದ ಶಿಖರದ ವಿಷಯದಲ್ಲಿ ಎದುರಿಸಬೇಕಾಯಿತು. ಪಾರಸನಾಥ ಬೆಟ್ಟದ ಸುತ್ತಣ ಪರಿಸರ ಸೂಕ್ಷ್ಮ ವಲಯದಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ಎಡೆಗೊಟ್ಟ 2019ರ ಅಧಿಸೂಚನೆಯ ವಿರುದ್ಧ 2022ರ ಕೊನೆಯಲ್ಲಿ ದೇಶದಾದ್ಯಂತ ಪ್ರತಿಭಟನೆಗಳು ನಡೆದವು. 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಪ್ರತಿಭಟನೆ ನ್ಯಾಯವಾದುದೇ. ಆದರೆ ವಿಹಾರಯಾತ್ರೆಯು ಹೊರಗಿನವರಿಂದ ಮಾತ್ರ ಬರುತ್ತದೆಯೇ? ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ, ನೆಲ, ನೀರು, ಬೆಂಕಿ, ಗಾಳಿಗಳಿಗೆ ನಿಷ್ಕಾರಣವಾಗಿ ಉಂಟುಮಾಡುವ ಬಾಧೆಯ ಜೊತೆಯಲ್ಲಿಯೇ ಗುರಿಯಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದೆ. ದಿಗ್ವ್ರತವೂ ಆ ಗ್ರಂಥದ ಗುಣವ್ರತಗಳಲ್ಲೊಂದು. ಯಾವ ದಿಕ್ಕಿನಲ್ಲಿ ಎಷ್ಟು ದೂರವೆಂದು ಶ್ರಾವಕನು ತಾನೇ ಗಡಿ ಹಾಕಿಕೊಳ್ಳಬೇಕು. ಐದು ದಿನಗಳಲ್ಲಿ ಹದಿನೈದು ಕ್ಷೇತ್ರಗಳೆಂದು ಕರಪತ್ರ ಹಂಚಿ, ಒಂದೊಂದು ಬಸದಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಚಾಲಕನನ್ನು ರಾತ್ರಿಯೆಲ್ಲ ನಿದ್ದೆಗೆಡಿಸುವ ಯಾತ್ರೆಯನ್ನು ಏರ್ಪಡಿಸುವ ಟ್ರಸ್ಟುಗಳು ಈ ಎರಡು ವ್ರತಗಳನ್ನು ಇನ್ನೊಮ್ಮೆ ಓದಿಕೊಳ್ಳಬಹುದು. ಭಾರ ಹೇರುವುದೆಂದರೆ ಎತ್ತಿನ ಮೇಲೆ ಮಾತ್ರವಲ್ಲ. ವಿಂಧ್ಯಗಿರಿಯ ಮೆಟ್ಟಿಲುಗಳಲ್ಲಿ ಡೋಲಿ ಹೊರುವವನ ಹೆಗಲೂ ಹೆಗಲೇ.

ಇನ್ನೊಂದು ವಿಷಯವು ಹೆಚ್ಚು ತುರ್ತಿನದು. ಪ್ರಾಸುಕಮಾರ್ಗವೆಂದು ಆಚಾರ್ಯರು ಹೇಳಿದ ವಾಹನಗಳ ದಾರಿಯು ಇಂದು ಹೆದ್ದಾರಿಯಾಗಿದೆ, ಮತ್ತು ಅದರಲ್ಲಿ ವಿಹಾರಮಾಡುವ ತ್ಯಾಗಿಗಳಲ್ಲಿ ಹಲವರು ದೇಶದ ನಾನಾ ಭಾಗಗಳಲ್ಲಿ ಲಾರಿ, ಕಾರುಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ದೊಡ್ಡ ಹೆದ್ದಾರಿಗಳ ಅಂಚಿನಲ್ಲಿ ನಡೆಯುವವರಿಗೆ ಸ್ಥಳವನ್ನೇ ಬಿಟ್ಟಿರುವುದಿಲ್ಲ. ಸಂಘದ ಮುಂದೆಯೂ ಹಿಂದೆಯೂ ಗುರುತಿನ ಬಾವುಟ ಹಿಡಿದ ಸ್ವಯಂಸೇವಕರನ್ನು ಕಳಿಸುವುದು, ಹಳೆಯ ಹಳ್ಳಿದಾರಿಗಳನ್ನು ಗೊತ್ತುಮಾಡಿ ತಿಳಿಸುವುದು, ದಿನದ ನಡಿಗೆ ಮುಗಿಯುವ ಸ್ಥಳಗಳಲ್ಲಿ ಶಾಲೆಯನ್ನೋ ಛತ್ರವನ್ನೋ ಮೊದಲೇ ವಿಚಾರಿಸಿಡುವುದು, ಇವು ಆಯಾ ಊರಿನ ಟ್ರಸ್ಟುಗಳ ಕೈಯಳತೆಯ ಕೆಲಸಗಳು. ದಾರಿಯ ಬದಿಯಲ್ಲಿ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿ, ಬಾವಿ ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದ ವಿಷಯವನ್ನು ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿದ್ದಾನೆ.

ಹಿರಿಯೂರಿನಿಂದ ಚಳ್ಳಕೆರೆಯ ಮಾರ್ಗವಾಗಿ ಹೋದರೆ ಕೊಪ್ಪಳದ ಯಾತ್ರೆಗೆ ಸ್ವಲ್ಪ ಸುತ್ತಾಗುತ್ತದೆ, ಅರ್ಧ ದಿನ ಹೆಚ್ಚು ಬೇಕು. ಕೊಪ್ಪಳವು ಪ್ರಾಚೀನ ಕೊಪಣ ತೀರ್ಥ. ಅಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಇದೇ ಅರಸನ ಇದೇ ಕಿರುಶಾಸನವಿದೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಮಕ್ಕಳಿಗೆ ತೋರಿಸಬಯಸುವವರು ಪಟ್ಟಿಯಿಂದ ಬೇರೆ ಎರಡು ಸ್ಥಳಗಳನ್ನು ಬಿಡಬೇಕಾಗುತ್ತದೆ. ಬ್ರಹ್ಮಗಿರಿಯಲ್ಲಿ ಬಸ್ಸು ಬಂಡೆಯವರೆಗೆ ಹೋಗುವುದಿಲ್ಲ, ಇಳಿದು ನಡೆಯಬೇಕು.