ರೋಟರಿ ವಿಮಾನ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಒತ್ತಡ

ಸಿಲಿಂಡರಿನೊಳಕ್ಕೆ ಹೋಗುವ ಪೆಟ್ರೋಲು-ಗಾಳಿ ಮಿಶ್ರಣಕ್ಕೆ ಕೊಳವೆಯಲ್ಲಿ ಇರುವ ಒತ್ತಡವೇ ಮ್ಯಾನಿಫೋಲ್ಡ್ ಒತ್ತಡ. ಪ್ರತಿ ಸಲ ಸಿಲಿಂಡರು ಎಷ್ಟು ಮಿಶ್ರಣ ತುಂಬಿಕೊಂಡಿತು, ಎಷ್ಟು ಶಕ್ತಿ ಕೊಡಬಲ್ಲದು ಎಂಬುದನ್ನು ಅದು ಸೂಚಿಸುತ್ತದೆ. ಮೊದಲ ಮಹಾಯುದ್ಧದ ರೋಟರಿ ವಿಮಾನಗಳ ಕಾಕ್‌ಪಿಟ್ಟಿನಲ್ಲಿ ಈ ಒತ್ತಡವನ್ನು ತೋರಿಸುವ ಮಾಪಕ ಇರಲಿಲ್ಲ. ಅದಕ್ಕೆ ಕಾರಣ ಆ ಎಂಜಿನ್ನಿನ ರಚನೆಯಲ್ಲೂ ಅಂದಿನ ಹಾರಾಟದ ರೀತಿಯಲ್ಲೂ ಇದೆ.

ರೋಟರಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ವಿಮಾನಕ್ಕೆ ಬಿಗಿದು ನಿಶ್ಚಲವಾಗಿರುತ್ತದೆ. ಸಿಲಿಂಡರುಗಳು ಪ್ರೊಪೆಲ್ಲರಿನ ಜೊತೆಗೇ ಅದರ ಸುತ್ತ ತಿರುಗುತ್ತವೆ. (ಇದೇ ಹೆಸರಿನಿಂದ ಕರೆಯುವ ವ್ಯಾಂಕೆಲ್ ಎಂಜಿನ್ ಬೇರೆಯದು.) ಫ್ರಾನ್ಸಿನ ಸೆಗ್ವಾಂ ಸಹೋದರರ 50 ಅಶ್ವಶಕ್ತಿಯ ನೋಮ್ ಒಮೇಗಾ ಎಂಜಿನ್ನಿನಿಂದ ಆಂರಿ ಫಾರ್ಮನ್ 1909ರ ಆಗಸ್ಟಿನಲ್ಲಿ ರ‍್ಯಾಂಸ್ ವಿಮಾನ ಕೂಟದಲ್ಲಿ 180 ಕಿಲೋಮೀಟರ್ ಹಾರಿದ. ಆ ಎಂಜಿನ್ನಿನಲ್ಲಿ ಮಿಶ್ರಣವು ಟೊಳ್ಳಾದ ಕ್ರ್ಯಾಂಕ್‌ಶಾಫ್ಟಿನ ಮೂಲಕ ಕ್ರ್ಯಾಂಕ್‌ಕೇಸಿಗೆ ಬಂದು, ಪಿಸ್ಟನ್ನಿನ ತಲೆಯಲ್ಲಿದ್ದ ಕವಾಟದಿಂದ ಸಿಲಿಂಡರು ಸೇರುತ್ತಿತ್ತು. ಆ ಕವಾಟವನ್ನು ತೆರೆಯುತ್ತಿದ್ದುದು ಒತ್ತಡದ ವ್ಯತ್ಯಾಸವೇ. ಕ್ರ್ಯಾಂಕ್‌ಕೇಸೇ ಮ್ಯಾನಿಫೋಲ್ಡ್ ಆಗಿದ್ದುದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆಯನ್ನೇ ಕೀಲೆಣ್ಣೆಯಾಗಿ ಬಳಸಬೇಕಾಯಿತು. ನೋಮ್‌ನ 1913ರ ಮೊನೊಸೂಪಾಪ್ ಎಂಜಿನ್ನಿನಲ್ಲಿ ಒಳಸೇರಿಕೆಯ ಕವಾಟವನ್ನೇ ತೆಗೆದುಹಾಕಿ, ಸಿಲಿಂಡರಿನ ಬುಡದ ರಂಧ್ರಗಳಿಂದ ಮಿಶ್ರಣ ಒಳಬಿಟ್ಟರು.

ಲ ರೋನ್‌ನಂಥ ಬೇರೆ ರೋಟರಿ ಎಂಜಿನ್‌ಗಳಲ್ಲಿ ನಿಜವಾದ ಒಳಸೇರಿಕೆ ಕೊಳವೆಗಳು ಕಾಣುತ್ತವೆ. ಕ್ರ್ಯಾಂಕ್‌ಕೇಸಿನಿಂದ ಪ್ರತಿ ಸಿಲಿಂಡರಿನ ತಲೆಗೆ ಒಂದೊಂದು ತಾಮ್ರದ ಕೊಳವೆ. ಅವೂ ತಿರುಗುತ್ತಿದ್ದುದರಿಂದ, ಕೊಳವೆಯ ಒತ್ತಡವನ್ನು ನೇರವಾಗಿ ಮಾಪಕಕ್ಕೆ ತರಬೇಕಾದರೆ ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವೆ ಸೋರದ ಸಂದು ಬೇಕು. ನಿಂತಿರುವ ಶಾಫ್ಟಿನಿಂದ ಒತ್ತಡ ತೆಗೆಯುವುದು ಸುಲಭ, ಆದರೆ ಅದು ಕವಾಟದ ಬಳಿಯ ಒತ್ತಡವಲ್ಲ. ಕೇಂದ್ರಾಪಗಾಮಿ ಬಲ ಮಿಶ್ರಣವನ್ನು ಹೊರಕ್ಕೆ ತಳ್ಳುತ್ತದೆ. ಒಂದು ಲೆಕ್ಕ ಹಾಕಿದರೆ ಇದರ ಪ್ರಮಾಣ ತಿಳಿಯುತ್ತದೆ: ನಿಮಿಷಕ್ಕೆ 1200 ಸುತ್ತು ಇರುವಾಗ, ಗಾಳಿಯ ಸಾಂದ್ರತೆಯನ್ನೇ ಹಿಡಿದರೆ, ಕೇಂದ್ರದಿಂದ 15 ಸೆಂ.ಮೀ. ದೂರದಿಂದ 45 ಸೆಂ.ಮೀ. ದೂರದ ತನಕ ಒತ್ತಡ ಸುಮಾರು 13 ಮಿ.ಮೀ. ಪಾದರಸದಷ್ಟು ಏರುತ್ತದೆ. ಅದು ಚಿಕ್ಕದು, ಆದರೆ ಎಂಜಿನ್ ವಿನ್ಯಾಸಕಾರ ಕಡೆಗಣಿಸುವಂಥದ್ದಲ್ಲ.

ಹಾರಾಟಗಾರನಿಗೆ ಮ್ಯಾನಿಫೋಲ್ಡ್ ಒತ್ತಡ ತಿಳಿಯದಿದ್ದರೂ ಕೆಲಸ ನಡೆಯುತ್ತಿತ್ತು. ಪ್ರೊಪೆಲ್ಲರಿನ ಅಲಗುಗಳ ಕೋನ ಬದಲಾಗದ ಕಾಲವದು. ಸುತ್ತಿನ ಸಂಖ್ಯೆ ನೋಡಿದರೆ ಶಕ್ತಿಯ ಅಂದಾಜು ಸಿಗುತ್ತಿತ್ತು. ಗಾಳಿಗೊಂದು, ಪೆಟ್ರೋಲಿಗೊಂದು ಸನ್ನೆ ಹಿಡಿದು, ಮೇಲೇರಿದಂತೆ ತೆಳುವಾಗುವ ಗಾಳಿಗೆ ತಕ್ಕಂತೆ ಪೆಟ್ರೋಲು ಕಡಿಮೆ ಮಾಡುತ್ತ, ಕಿವಿಯನ್ನೂ ಸುತ್ತುಮಾಪಕವನ್ನೂ ನೆಚ್ಚಿ ಹಾರುತ್ತಿದ್ದರು. ಇಳಿಯುವಾಗ ಗುಂಡಿ ಒತ್ತಿ ಕಿಡಿಯನ್ನೇ ಆಗಾಗ ಕಡಿಯುತ್ತಿದ್ದರು. ಆ ಕೌಶಲವನ್ನು ಇಂದು ಊಹಿಸುವುದೂ ಕಷ್ಟ.

ಸುಮಾರು 5500 ಮೀಟರ್ ಎತ್ತರದಲ್ಲಿ ವಾಯು ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಅದರೊಡನೆ ಎಂಜಿನ್ನಿನ ಶಕ್ತಿಯೂ. ಈ ನಷ್ಟ ತುಂಬಲು ಫ್ರಾನ್ಸಿನಲ್ಲಿ ಒಗ್ಯೂಸ್ತ್ ರಾತೋ, ಅಮೆರಿಕದಲ್ಲಿ ಸ್ಯಾನ್‌ಫರ್ಡ್ ಮಾಸ್ ಟರ್ಬೋ ಸೂಪರ್‌ಚಾರ್ಜರಿನತ್ತ ತಿರುಗಿದರು. ಮಾಸ್ 1918ರಲ್ಲಿ ಸುಮಾರು 4300 ಮೀಟರ್ ಎತ್ತರದ ಪೈಕ್ಸ್ ಪೀಕ್ ಪರ್ವತದ ಮೇಲೆ ಲಿಬರ್ಟಿ ಎಂಜಿನ್ ಇಟ್ಟು ಪರೀಕ್ಷಿಸಿದ. ಈ ಸಾಧನ ಗಾಳಿಯನ್ನು ಒತ್ತಿ ತುಂಬತೊಡಗಿದ ಮೇಲೆ, ಅತಿಯಾದರೆ ಎಂಜಿನ್ ಒಡೆಯುವ ಅಪಾಯ ಬಂತು. ಮುಂದೆ ಅಲಗುಗಳ ಕೋನ ಬದಲಿಸಿ ಸುತ್ತನ್ನು ಒಂದೇ ಮಟ್ಟದಲ್ಲಿಡುವ ಸ್ಥಿರವೇಗದ ಪ್ರೊಪೆಲ್ಲರ್ ಬಂದಾಗ ಸುತ್ತಿನ ಸಂಖ್ಯೆಯೊಂದೇ ಶಕ್ತಿಯನ್ನು ಹೇಳದಾಯಿತು. ಹೀಗೆ ಒತ್ತಡಮಾಪಕ ಕಾಕ್‌ಪಿಟ್ಟಿನಲ್ಲಿ ಖಾಯಂ ಆಯಿತು: ಅಮೆರಿಕನ್ನರು ಪಾದರಸದ ಅಂಗುಲಗಳಲ್ಲಿ ಓದಿದರು, ಬ್ರಿಟಿಷರು ವಾಯುಮಂಡಲದ ಒತ್ತಡವನ್ನು ಸೊನ್ನೆಯೆಂದು ಹಿಡಿದು ಚದರ ಅಂಗುಲಕ್ಕೆ ಅದಕ್ಕಿಂತ ಹೆಚ್ಚಾದ ಪೌಂಡುಗಳನ್ನು ಎಣಿಸಿದರು. ಅಷ್ಟರಲ್ಲಿ ಯುದ್ಧವಿಮಾನಗಳಿಂದ ರೋಟರಿ ಮರೆಯಾಗಿತ್ತು.